ಲಿಸ್ಬನ್ ಸಂತೆಯಲ್ಲಿ ಮುದ್ರೆ ಬಿದ್ದ ರೂಪಾಯಿ

ಚಿಕ್ಕಜಾಜೂರು ದಾಟಿದ ಮೇಲೆ

ನಾನು ಪೋರ್ಚುಗಲ್ಲಿಗೆ ಹೊರಟಿದ್ದೇನೆ ಎಂದು ಹೊಳಲ್ಕೆರೆಯಲ್ಲಿ ನಾಲ್ಕು ಜನಕ್ಕೆ ಹೇಳಿ ಮುಗಿಸುವಷ್ಟರಲ್ಲಿ ಹೊಸದುರ್ಗದಿಂದ ಪುಷ್ಪಾಳ ಫೋನು ಬಂತು. "ಅಕ್ಕ, ನಾನೂ ಹೆಸ್ರು ಬರೆಸಿದೆ ಕಣಕ್ಕ. ನೀನೊಬ್ಳೇ ಹೋದ್ರೆ ನಿಂಗೂ ಬೇಜಾರಲ್ವಾ?" ಎಂದಳು. ನನಗೆ ಬೇಜಾರು ಶುರುವಾದದ್ದೇ ಆಗ.

ಪುಷ್ಪಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಹೊಸದುರ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಈಚೆಗೆ ನಿವೃತ್ತಳಾದವಳು. ನಮ್ಮ ಯಜಮಾನರಿಗೂ ಅವರ ತಮ್ಮನಿಗೂ ವಿಮಾನ ಎಂದರೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಟೂರಿನವರ ಗುಂಪಿನಲ್ಲಿ ಮನೆಯ ಕಡೆಯಿಂದ ನಾವಿಬ್ಬರೇ. ಒಂದೇ ಒಂದು ವಿಷಯದಲ್ಲಾದರೂ ಅವಳಿಗಿಲ್ಲದ್ದು ನನಗಿರಲಿ ಎಂದು ಈ ಪ್ರವಾಸಕ್ಕೆ ಆಸೆಪಟ್ಟಿದ್ದೆ. ಹೋಯಿತು, ಅದೂ ಹೋಯಿತು.

ಚಿಕ್ಕಜಾಜೂರಿನಲ್ಲಿ ನಾನು ಬೆಂಗಳೂರಿನ ರೈಲು ಹತ್ತಿದಾಗ ಕಿಟಕಿ ಪಕ್ಕದ ಸೀಟು ನನ್ನದಾಗಿತ್ತು. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಪುಷ್ಪಾ ಹತ್ತಿದಳು, ಕೈಯಲ್ಲೊಂದು ಚಕ್ಕುಲಿ ಡಬ್ಬಿ. ಬೀರೂರು ಬರುವಷ್ಟರಲ್ಲಿ ಎದುರು ಸೀಟಿನ ಅಜ್ಜಿ ಅವಳಿಗೆ ಮೊಮ್ಮಗಳ ಲಂಗದ ಅಳತೆ ಹೇಳುತ್ತಿದ್ದಳು, ಟೀಸಿ ನಿಂತುಕೊಂಡೇ ಚಕ್ಕುಲಿ ಕಡಿಯುತ್ತಿದ್ದರು, ಕಿಟಕಿ ಪಕ್ಕದಲ್ಲಿ ಪುಷ್ಪಾ ಕೂತಿದ್ದಳು. ನಾನು ಯಾವಾಗ ಎದ್ದು ಜಾಗ ಕೊಟ್ಟೆನೋ ನನಗೇ ತಿಳಿಯದು.

"ಅಕ್ಕ, ಬೆಳ್ಳಿ ತಂದಿದೀಯ ತಾನೇ?" ಎಂದು ಕೇಳಿದಳು.

"ತರದೆ ಇರ್ತೀನಾ? ನಿಂಗೊಬ್ಳಿಗೇನಾ ಅತ್ತೆ?" ಎಂದೆ.

ಊರು ಬಿಟ್ಟು ಹೋಗುವಾಗ ಸೆರಗಿನ ಗಂಟಿನಲ್ಲಿ ಬೆಳ್ಳಿ ಇರಬೇಕು ಎಂಬುದು ನಮ್ಮ ಅತ್ತೆಯ ಕಟ್ಟಳೆ. ಹಿರೇಗುಂಟನೂರಿನ ಕಡೆಯ ಕುರಿ ಕಾಯುವ ಮನೆತನ ಅವರದು. ಪುಷ್ಪಾ ಮದುವೆಯಾಗಿ ಬಂದ ಮೊದಲ ದೀಪಾವಳಿಯಲ್ಲಿ ಅತ್ತೆ ಲಕ್ಷ್ಮಿ ಪೂಜೆಯ ತಟ್ಟೆಯಿಂದ ಎರಡು ಬೆಳ್ಳಿ ರೂಪಾಯಿ ತೆಗೆದು, ಒಂದು ಮಾತೂ ಆಡದೆ, ಒಂದನ್ನು ನನ್ನ ಕೈಯಲ್ಲಿಟ್ಟರು, ಇನ್ನೊಂದನ್ನು ಅವಳ ಕೈಯಲ್ಲಿಟ್ಟರು. ಎರಡರ ಮೇಲೂ ವಿಕ್ಟೋರಿಯಾ ರಾಣಿ. ಪುಷ್ಪಾಳ ರಾಣಿ ಟಂಕಸಾಲೆಯಿಂದ ಹೇಗೆ ಬಂದಿದ್ದಳೋ ಹಾಗೇ ಇದ್ದಳು. ನನ್ನ ರಾಣಿಯ ಕತ್ತಿನ ಬಳಿ ಮಾತ್ರ ಯಾರೋ ಮೊಳೆ ಇಟ್ಟು ಹೊಡೆದಂತೆ ಗುಂಡನೆಯ ತಗ್ಗು. ಅದರೊಳಗೆ ಪುಟ್ಟ ಕಿರೀಟ, ಕಿರೀಟದ ಕೆಳಗೆ ಪಿ, ಎಂ ಎಂಬ ಎರಡು ಅಕ್ಷರ.

ಹಿರಿಸೊಸೆಗೆ ಪೆಟ್ಟು ತಿಂದದ್ದು, ಕಿರಿಸೊಸೆಗೆ ನೆಟ್ಟಗಿರುವುದು! ಅವತ್ತು ನುಂಗಿಕೊಂಡೆ. ಆದರೆ ಪ್ರತಿ ದೀಪಾವಳಿಗೂ ಆ ನಾಣ್ಯ ತೊಳೆಯುವಾಗ ಹೊಟ್ಟೆಯಲ್ಲಿ ಕೆಂಡ ಆಡುತ್ತಿತ್ತು. ಅತ್ತೆ ಈಗಿಲ್ಲ. ಕೇಳೋಣವೆಂದರೂ ಕೇಳುವಂತಿಲ್ಲ. ನನ್ನದು ಹಾಳಾದ ನಾಣ್ಯವೋ ಅಲ್ಲವೋ ಎನ್ನುವುದು ಬೇರೆಯವರಿಗೆ ಬರೀ ಬೆಲೆಯ ಪ್ರಶ್ನೆ ಇರಬಹುದು. ನನಗದು ನಾನು ಆ ಮನೆಗೆ ಎಷ್ಟರವಳಾಗಿದ್ದೆ ಎನ್ನುವ ಪ್ರಶ್ನೆ.

ಏರುಬೀದಿಗಳ ಊರು

ಲಿಸ್ಬನ್ ಎಂದರೆ ಬರೀ ಏರು, ಬರೀ ಇಳಿಜಾರು. ನಮ್ಮ ಚಿತ್ರದುರ್ಗದ ಕೋಟೆಯನ್ನು ಹತ್ತಿದವರಿಗೆ ಇದೇನು ಮಹಾ ಎಂದು ಮೊದಲ ದಿನ ಬೀಗಿದೆ. ಆದರೆ ನಮ್ಮ ಬಂಡೆ ಕಾಲಿಗೆ ಹಿಡಿತ ಕೊಡುತ್ತದೆ. ಇಲ್ಲಿ ಕಾಲುದಾರಿಗೆಲ್ಲ ಕಪ್ಪು-ಬಿಳಿ ಸಣ್ಣ ಕಲ್ಲು ಕೂರಿಸಿ ರಂಗೋಲಿಯಂತೆ ಚಿತ್ರ ಬಿಡಿಸಿದ್ದಾರೆ. ಓಡಾಡಿ ಓಡಾಡಿ ಅವು ಸಾಣೆ ಹಿಡಿದಂತೆ ನುಣುಪಾಗಿವೆ. ನಮ್ಮ ಗುಂಪಿನಲ್ಲಿ ಹಿರಿಯೂರಿನ ತಿಪ್ಪೇಸ್ವಾಮಿ ಎಂಬ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಇದ್ದರು. ಹಳೇ ನೋಟು ಕೂಡಿಡುವ ಹುಚ್ಚಿನ ಮನುಷ್ಯ. ಅವರು ಒಂದು ಇಳಿಜಾರಿನಲ್ಲಿ ಜಾರಿ ಕೂತೇ ಬಿಟ್ಟರು. ಕೂತಲ್ಲಿಂದಲೇ "ಏನ್ ಊರ್ರೀ ಇದು! ಚಿತ್ರ ಬರೆಯಾಕೆ ಬರ್ತೈತೆ, ರಸ್ತೆ ಮಾಡಾಕೆ ಬರಲ್ಲ" ಎಂದರು.

ಇಲ್ಲಿಯವರು ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಲೋಟ ನೋಡಿದರೆ ಮಗುವಿಗೆ ಔಷಧಿ ಹಾಕುವ ಅಳತೆ. ಒಂದು ಗುಟುಕಿಗೆ ಮುಗಿಯುವುದನ್ನು ಅರ್ಧ ಗಂಟೆ ಹರಟುತ್ತ ಕುಡಿಯುವುದು ಹೇಗೆಂದು ಅವರಿಂದಲೇ ಕಲಿಯಬೇಕು. ಕಿಟಕಿಗಳಲ್ಲಿ ಮುದುಕಿಯರು ಮೊಳಕೈ ಊರಿಕೊಂಡು ಬೀದಿ ನೋಡುತ್ತಿರುತ್ತಾರೆ. ನಮ್ಮಲ್ಲಿ ಈ ಕೆಲಸ ಜಗಲಿಯ ಮೇಲೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಆ ಕಿಟಕಿಗಳ ಕೆಳಗೆ ಹಗ್ಗದಲ್ಲಿ ಬಟ್ಟೆಗಳು ಒಣಗುತ್ತಿದ್ದವು. ಪುಷ್ಪಾ ನಿಂತಳು. ಒಂದು ದುಪ್ಪಟಿಯ ಅಂಚಿನ ಹೊಲಿಗೆ ತೋರಿಸಿ, ಮೇಲಿದ್ದ ಮುದುಕಿಗೆ ಕೈಯಲ್ಲೇ "ಭಾರಿ ಚೆನ್ನಾಗೈತೆ" ಎಂದಳು. ಮುದುಕಿ ಒಳಗೆ ಹೋಗಿ ಇನ್ನೆರಡು ದುಪ್ಪಟಿ ತಂದು ತೂಗಾಡಿಸಿ ತೋರಿಸಿದಳು. ಪುಷ್ಪಾ ಕನ್ನಡದಲ್ಲಿ, ಆಯಮ್ಮ ಪೋರ್ಚುಗೀಸಿನಲ್ಲಿ, ಇಬ್ಬರೂ ಬಾಯ್ತುಂಬ ಮಾತಾಡಿದರು, ನಕ್ಕರು. ಕೊನೆಗೆ ಒಂದು ಬುಟ್ಟಿ ಹಗ್ಗದಲ್ಲಿ ಇಳಿದು ಬಂತು. ಅದರಲ್ಲಿ ಕಿತ್ತಳೆ ಹಣ್ಣು. ನನಗೆ ಇಂಗ್ಲಿಷ್ ಬರುತ್ತದೆ, ಪೋರ್ಚುಗೀಸಿನಲ್ಲಿ ನಮಸ್ಕಾರ ಹೇಳುವುದನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನಗೆ ಯಾರೂ ಬುಟ್ಟಿ ಇಳಿಸಲಿಲ್ಲ.

"ತಗಳಕ್ಕ, ಸಿಹಿ ಐತೆ" ಎಂದು ಪುಷ್ಪಾ ಅರ್ಧ ಸುಲಿದು ಕೊಟ್ಟಳು. ಸಿಹಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಶನಿವಾರ, ಹೋಟೆಲು

ಸಂಜೆಯ ಕಾಫಿಗೆ ಕೂತಾಗ ತಿಪ್ಪೇಸ್ವಾಮಿಯವರು, "ನಾಳೆ ಬೆಳಿಗ್ಗೆ ಇಲ್ಲೊಂದು ಹಳೇ ನಾಣ್ಯದ ಸಂತೆ ಐತಂತೆ. ಬರ್ತೀರೇನು ಟೀಚರಮ್ಮ?" ಎಂದರು. ನನ್ನ ರೂಪಾಯಿ ತೆಗೆದು ಅವರ ಮುಂದೆ ಇಟ್ಟೆ. ಪುಷ್ಪಾಳೂ ತನ್ನದನ್ನು ಪಕ್ಕದಲ್ಲಿಟ್ಟಳು. ಅವರು ಕನ್ನಡಕ ಏರಿಸಿ ನೋಡಿ, ಮೊದಲು ಬೈದರು.

"ಅಲ್ರೀ, ಇಷ್ಟು ಹಳೇದನ್ನ ಹಿಂಗೆ ಪರದೇಶಕ್ಕೆ ತರಂಗಿಲ್ಲ, ಗೊತ್ತೈತಾ? ಯಾರ್ನೂ ಕೇಳದೆ ಸೆರಗಲ್ಲಿ ಕಟ್ಕಂಡು ಬಂದಿದೀರಲ್ಲ!"

ಅತ್ತೆಯ ಕಟ್ಟಳೆ ಗೊತ್ತಿತ್ತೇ ಹೊರತು ಸರ್ಕಾರದ ಕಟ್ಟಳೆ ಯಾರಿಗೆ ಗೊತ್ತಿತ್ತು? "ಮಾರಲ್ಲಣ್ಣ, ತಂದಂಗೇ ವಾಪಸ್ ಒಯ್ತೀವಿ" ಎಂದು ಪುಷ್ಪಾ ಗಲ್ಲ ಬಡಿದುಕೊಂಡಳು. ಅವರಿಗೆ ಕನಿಕರ ಬಂತು. ಆಮೇಲೆ ನನ್ನ ನಾಣ್ಯ ತಿರುಗಿಸಿ, "ಇದು ಕೆಟ್ಟೋಗೈತೆ ಬಿಡ್ರಿ. ಯಾರೋ ಕುಟ್ಟಿದಾರೆ. ಈಯಮ್ಮನ್ದು ಪಸಂದಾಗೈತೆ" ಎಂದು ಪುಷ್ಪಾಳ ಕಡೆ ಗಲ್ಲ ಎತ್ತಿ ತೋರಿಸಿದರು.

ಪಸಂದಂತೆ! ಪುಷ್ಪಾಳ ನಾಣ್ಯ ಕರಿ ಬಾಣಲಿ ತಳದಂತಿತ್ತು. ಕುಂಕುಮದ ಡಬ್ಬಿಯಲ್ಲಿ ಹಾಕಿ ಮರೆತುಬಿಡುವುದೇ ಅವಳ ಪದ್ಧತಿ. ನನ್ನದು ಹಾಗಲ್ಲ. ವರ್ಷ ವರ್ಷ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಕೈ ನೋಯುವಷ್ಟು ತಿಕ್ಕಿ ತೊಳೆದದ್ದು. ಪೆಟ್ಟು ಬಿದ್ದಿದ್ದರೂ ಮುಖ ನೋಡಿಕೊಳ್ಳಬಹುದಿತ್ತು. ನಾಳೆ ಪರದೇಶದವರ ಮುಂದೆ ಮಾನ ಹೋಗಬಾರದೆಂದು ರೂಮಿಗೆ ಬಂದವಳೇ ಬಚ್ಚಲಿಗೆ ಹೋಗಿ, ಹುಣಸೆಹಣ್ಣು ಇಲ್ಲದ್ದಕ್ಕೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಬ್ರಷ್ಷಿನಲ್ಲಿ ಗಸಗಸ ಉಜ್ಜಿದೆ. ರಾಣಿ ಮದುವಣಗಿತ್ತಿಯಂತೆ ಹೊಳೆದಳು.

ಪುಷ್ಪಾ ಬಾಗಿಲಲ್ಲಿ ಇಣುಕಿದಳು. "ಅಬ್ಬ, ಏನ್ ಫಳಫಳ ಅಂತೈತಕ್ಕ! ನಂದೂ ಒಂದೀಟು ತಿಕ್ಕಿ ಕೊಡು."

"ನಿಂದು ನೀನೇ ತಿಕ್ಕೊ. ನಂಗೆ ಕೈ ನೋವು" ಎಂದೆ. ಅವಳದ್ದೂ ಹೊಳೆದರೆ ನನಗೇನು ಉಳಿಯಿತು? ಪುಷ್ಪಾ ಆಕಳಿಸಿ, "ಬಿಡು, ಯಾರ್ ತಿಕ್ತಾರೆ" ಎಂದು ಹಾಸಿಗೆಗೆ ಬಿದ್ದಳು.

ಭಾನುವಾರದ ಸಂತೆ

ಕಮಾನುಗಳ ನೆರಳಲ್ಲಿ ಮಡಚುವ ಮೇಜುಗಳು, ಮೇಜಿನ ಮೇಲೆ ತಟ್ಟೆ ತಟ್ಟೆ ನಾಣ್ಯ. ಕೂಗಾಟವಿಲ್ಲ, ಚೌಕಾಸಿಯೂ ಪಿಸುಮಾತಿನಲ್ಲೇ. ನಮ್ಮ ಸಂತೆಗೆ ಒಗ್ಗಿದ ಕಿವಿಗೆ ಇದು ಸಂತೆಯೋ ಸಾವಿನ ಮನೆಯೋ ಎನಿಸಿತು. ಒಂದು ಮೇಜಿನ ಹಿಂದೆ ಬಿಳಿಗೂದಲ ಮುದುಕಿಯೊಬ್ಬಳು ಉಣ್ಣೆಯ ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಹೆಸರು ಇನೆಸ್. ನಿಧಾನವಾಗಿ, ಒಂದೊಂದು ಪದ ಹುಡುಕಿ ಇಂಗ್ಲಿಷ್ ಆಡುತ್ತಿದ್ದಳು. ನಾನು ಪುಷ್ಪಾಳಿಗೆ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದೆ, ನನಗೆ ಬೇಕಾದಷ್ಟು ಮಾತ್ರ.

ತಿಪ್ಪೇಸ್ವಾಮಿಯವರ ಕಣ್ಣು ಅವಳ ನೋಟುಗಳ ಆಲ್ಬಮ್ಮಿಗೆ ಅಂಟಿಕೊಂಡಿತು. ರಾಜನ ಕಾಲದ ದೊಡ್ಡ ನೋಟೊಂದು. ಅದರ ಮೇಲೆ ಅಡ್ಡಲಾಗಿ "ರಿಪಬ್ಲಿಕಾ" ಎಂದು ಆಮೇಲೆ ಒತ್ತಿದ ಅಕ್ಷರಗಳು.

"ಇದು ಕೆಟ್ಟ ನೋಟು. ನಮ್ಮ ಬ್ಯಾಂಕ್ ಕೌಂಟರಿಗೆ ಬಂದಿದ್ರೆ ವಾಪಸ್ ತಳ್ತಿದ್ದೆ. ಕೇಳ್ರಿ ಆಯಮ್ಮನ್ನ, ಯಾಕೆ ಮುಂದಿಟ್ಕಂಡವ್ಳೆ ಅಂತ."

ಕೇಳಿದೆ. ಇನೆಸ್ ಕಡ್ಡಿಗಳನ್ನು ಮಡಿಲಲ್ಲಿಟ್ಟು ನಕ್ಕಳು. ರಾಜ ಹೋದ, ಹೊಸ ನೋಟು ಅಚ್ಚು ಹಾಕಿಸುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ, ಇದ್ದ ನೋಟಿನ ಮೇಲೇ ಹೊಸ ಆಡಳಿತದ ಹೆಸರು ಒತ್ತಿದರು ಎಂದಳು. ಒತ್ತುವ ಹಕ್ಕಿದ್ದವರು ಒತ್ತಿದ್ದು, ಆದ್ದರಿಂದ ಇದು ಹಾಳಾದ ನೋಟಲ್ಲ, ಇನ್ನೊಂದು ಸಲ ಹುಟ್ಟಿದ ನೋಟು. ಹಕ್ಕಿಲ್ಲದವರು ಪೆನ್ನಿನಲ್ಲಿ ಗೀಚಿದರೆ ಮಾತ್ರ ಹಾಳು.

ನಾನು ಕನ್ನಡದಲ್ಲಿ ಹೇಳಿದ ಮೇಲೆ ತಿಪ್ಪೇಸ್ವಾಮಿಯವರು ತಲೆ ಕೆರೆದುಕೊಂಡರು. "ಅಯ್ಯೋ ಶಿವನೆ, ಬ್ಯಾಂಕಲ್ಲಿ ಕಟ್ಟಿನ ಮೇಲಿನ ನೋಟಿಗೆ ನಾವೇ ಲೆಕ್ಕ ಎಷ್ಟು ಗೀಚಿದೀವೋ!"

ನನ್ನ ಕೈ ಸೆರಗಿನ ಗಂಟಿನ ಮೇಲಿತ್ತು. ನಾನು ಬಿಚ್ಚುವ ಮೊದಲೇ ಪುಷ್ಪಾ ತನ್ನ ಕರಿ ನಾಣ್ಯ ಮುಂದೆ ಚಾಚಿದಳು. ಇನೆಸ್ ಅದನ್ನು ಅಂಚಿನಲ್ಲಷ್ಟೇ ಹಿಡಿದು ಬಿಸಿಲಿಗೆ ಓರೆಯಾಗಿಸಿದಳು. ಕಪ್ಪಿನೊಳಗಿಂದ ನೀಲಿ, ನವಿಲುಬಣ್ಣ, ಎಲ್ಲೋ ಒಂದಿಷ್ಟು ಕುಂಕುಮದ ಕೆಂಪು ಕಂಡವು. "ಎಷ್ಟು ಚೆಂದ! ಯಾರೂ ಮುಟ್ಟೇ ಇಲ್ಲ" ಎಂದು ತನ್ನ ಪಕ್ಕದ ಮೇಜಿನವನನ್ನೂ ಕರೆದು ತೋರಿಸಿದಳು. ಸೋಮಾರಿತನಕ್ಕೂ ಬಹುಮಾನ ಕೊಡುವ ಊರು ಇದೊಂದೇ ಇರಬೇಕು! ಪುಷ್ಪಾ ನನ್ನ ಮುಖ ನೋಡಿದಳು. "ಏನಂತಾಳಕ್ಕ?" ಎಂದಳು. "ಪರವಾಗಿಲ್ಲ ಅಂತಾಳೆ" ಎಂದೆ.

ಆಮೇಲೆ ನನ್ನದು ಕೊಟ್ಟೆ. ಬಿಸಿಲು ಅದರ ಮೇಲೆ ಬಿದ್ದು ಇನೆಸ್‌ಳ ಕಣ್ಣು ಕುಕ್ಕಿತು. ಅವಳು ಮುಖ ಕಿವುಚಿದಳು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಅಯ್ಯೋ, ಹಾಳು ಮಾಡಿದ್ದಾರೆ" ಎಂದಳು.

ಸರಿ, ತೀರ್ಪು ಬಂತು. ಇಷ್ಟು ದೂರ ಬಂದು, ಸಮುದ್ರ ದಾಟಿ ಬಂದು, ಪುಷ್ಪಾಳ ಎದುರಿಗೇ ಕೇಳಿಸಿಕೊಂಡೆ. "ಆ ಪೆಟ್ಟು ನಮ್ಮನೆಗೆ ಬರೋ ಮೊದಲೇ ಬಿದ್ದಿತ್ತು" ಎಂದೆ.

"ಪೆಟ್ಟೇ? ಯಾವ ಪೆಟ್ಟು?" ಎಂದಳು ಇನೆಸ್. "ನಾನು ಹೇಳಿದ್ದು ಈ ಹೊಳಪನ್ನು. ಯಾರು ಹೀಗೆ ತಿಕ್ಕಿದವರು? ಮೈಯೆಲ್ಲ ಗೀರು. ಇದೋ ನೋಡಿ, ಕಿರೀಟದ ಸಂದಿಯಲ್ಲಿ ಏನೋ ಬೆಳ್ಳಗೆ ಮೆತ್ತಿಕೊಂಡಿದೆ." ಮೂಸಿ ನೋಡಿದಳು. "ಪುದೀನ!"

ತಿಪ್ಪೇಸ್ವಾಮಿಯವರು ನಗು ತಡೆಯಲಾಗದೆ ಆ ಕಡೆ ತಿರುಗಿ ನಿಂತರು. ಪುಷ್ಪಾಳಿಗೆ ಇದನ್ನು ಕನ್ನಡ ಮಾಡಿ ಹೇಳುವ ಅಗತ್ಯ ಬೀಳಲಿಲ್ಲ, ಇನೆಸ್ ಹಲ್ಲುಜ್ಜುವಂತೆ ಅಭಿನಯಿಸಿ ತೋರಿಸಿದ್ದಳು.

ಆದರೆ ಇನೆಸ್ ನಾಣ್ಯವನ್ನು ವಾಪಸ್ ಕೊಡಲಿಲ್ಲ. ಗುಂಡನೆಯ ತಗ್ಗಿನ ಮೇಲೆ ಭೂತಗನ್ನಡಿ ಹಿಡಿದಳು, ನಾಣ್ಯವನ್ನು ತೂಕಕ್ಕಿಟ್ಟಳು, ತಿರುಗಿಸಿದಳು, ಒಂದು ಹಳೇ ಪುಸ್ತಕದ ಚಿತ್ರಕ್ಕೆ ಹೋಲಿಸಿದಳು. ಈ ಮುದ್ರೆಯ ನಕಲಿಗಳೂ ಇವೆಯಂತೆ. ಕೊನೆಗೆ ತಲೆಯಾಡಿಸಿ, ಇದು ನಿಜವಾದದ್ದು ಎಂದಳು. ಪಕ್ಕದ ಮೇಜಿನವನು ಬಂದ, ಅವನ ಪಕ್ಕದವನು ಬಂದ. ಪಿಸುಮಾತಿನ ಸಂತೆಯಲ್ಲಿ ಮೊದಲ ಬಾರಿಗೆ ಗದ್ದಲವಾಯಿತು.

ಅವಳು ಹೇಳಿದ್ದು ಇಷ್ಟು. ಈ ದೇಶದವರು ಆಫ್ರಿಕಾದ ಮೊಜಾಂಬಿಕ್ ಆಳುತ್ತಿದ್ದ ಕಾಲದಲ್ಲಿ ಅಲ್ಲಿಯ ಪೇಟೆಯಲ್ಲಿ ಓಡಾಡುತ್ತಿದ್ದದ್ದು ಇಂಡಿಯಾದ ರೂಪಾಯಿ. ಒಂದು ದಿನ ಸರ್ಕಾರ, ಇನ್ನು ಮೇಲೆ ನಮ್ಮ ಮುದ್ರೆ ಇದ್ದ ರೂಪಾಯಿ ಮಾತ್ರ ನಡೆಯುತ್ತದೆ ಎಂದಿತು. ಕಿರೀಟ ಒತ್ತಿತು, ಮೊಜಾಂಬಿಕ್ ಪ್ರಾಂತ್ಯ ಎನ್ನುವುದಕ್ಕೆ ಪಿ ಎಂ ಒತ್ತಿತು. ನಿಮ್ಮ ರೂಪಾಯಿ ಸಮುದ್ರ ದಾಟಿ ಹೋಗಿ, ಮುದ್ರೆ ಹಾಕಿಸಿಕೊಂಡು, ಹೇಗೋ ಮತ್ತೆ ಸಮುದ್ರ ದಾಟಿ ನಿಮ್ಮ ಊರಿಗೆ ಬಂದಿದೆ. ಮುದ್ರೆ ಗಾಯವಲ್ಲ. ಮುದ್ರೆಯಿಂದಲೇ ಇದಕ್ಕೆ ಬೆಲೆ. ಗಾಯ ಅಂದರೆ ನೀವು ಮಾಡಿದ್ದು. ಇನ್ನೊಮ್ಮೆ ತಿಕ್ಕಿದರೆ ನಾನೇ ನಿಮ್ಮ ಊರಿಗೆ ಬಂದು ಬಯ್ಯುತ್ತೇನೆ.

ಬೈಗುಳ ಯಾರಿಗೆ ಬೇಕಿತ್ತು! ಮುದ್ರೆ ಗಾಯವಲ್ಲ ಎನ್ನುವುದೊಂದೇ ಕಿವಿಗೆ ಬಿತ್ತು. ಅದನ್ನು ಪುಷ್ಪಾಳಿಗೆ ಒಂದಕ್ಷರ ಬಿಡದೆ, ಎರಡೆರಡು ಸಲ, ಗಟ್ಟಿಯಾಗಿ ಕನ್ನಡ ಮಾಡಿ ಹೇಳಿದೆ. ತಿಪ್ಪೇಸ್ವಾಮಿಯವರೂ, "ತಪ್ಪಾಯ್ತು ಟೀಚರಮ್ಮ, ನಿಮ್ದೇ ಭಾರಿ ಐಟಂ" ಎಂದು ಕೈ ಮುಗಿದರು. ಪುಷ್ಪಾ ತನ್ನ ನವಿಲುಬಣ್ಣದ ನಾಣ್ಯವನ್ನು ಕುಂಕುಮದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ನದಿಯ ದಂಡೆ

ಸಂತೆಯಿಂದ ನದಿಯ ಕಡೆ ನಡೆದೆವು. ಆಚೆ ದಡ ಎಲ್ಲೋ ಮಸುಕಾಗಿ ಕಾಣುವಷ್ಟು ಅಗಲದ ನದಿ. "ನಮ್ಮ ಮಾರಿಕಣಿವೆ ಡ್ಯಾಮು ತುಂಬ್ದಾಗ ಹಿಂಗೇ ಕಾಣ್ತೈತೆ" ಎಂದು ತಿಪ್ಪೇಸ್ವಾಮಿಯವರು ಫೋಟೋ ಹೊಡೆಯಲು ಮುಂದೆ ಹೋದರು. ನಾವಿಬ್ಬರೂ ಕಲ್ಲುಮೆಟ್ಟಿಲ ಮೇಲೆ ಕೂತೆವು. ನನಗೆ ಸುಮ್ಮನಿರಲಾಗಲಿಲ್ಲ.

"ಯಾಕೆ ಮುಖ ಸಣ್ಣ ಮಾಡ್ಕಂಡೆ? ಹೊಟ್ಟೆ ಉರೀತಾ?"

"ಇವತ್ತಿಂದಾ ಅದು?" ಎಂದಳು ಪುಷ್ಪಾ. "ಆ ದೀಪಾವಳಿಯಿಂದ ಉರೀತೈತೆ. ಎಲ್ಲಾರಿಗೂ ಗೊತ್ತಿರಾ ವಿಷ್ಯನ ಈ ಮುದುಕಿ ಹತ್ರ ಕೇಳಾಕೆ ಬೇರೆ ಬಂದೆ ನೀನು."

"ಏನು ಗೊತ್ತಿರಾದು?"

"ಗುರುತಿರಾದು ನಿಂಗೆ ಕೊಟ್ರು, ಬರೇದು ನಂಗೆ ಕೊಟ್ರು. ಮನೆಯೋಳು ನೀನು, ಹೊರಗಿನೋಳು ನಾನು ಅಂತ ತಾನೇ? ಅತ್ತೇನೇ ಅಂದ್ರು ನಂಗೆ. ಕುರೀಗೆ ಕಿವಿ ಕತ್ತರಿಸಿ ಗುರುತು ಹಾಕಲ್ವಾ, ಹಂಗೆ. ಗುರುತಿರಾ ಕುರಿ ಎಲ್ಲಿಗೋದ್ರೂ ನಮ್ಮ ರೊಪ್ಪಕ್ಕೇ ಬರ್ತೈತೆ ಕಣವ್ವ, ಅದಕ್ಕೇ ಮುದ್ರೆ ಇರಾದು ದೊಡ್ಡೋಳಿಗೆ ಕೊಟ್ಟೆ, ಈ ಮನೆ ನಿಲ್ಸೋಳು ಅವ್ಳೇ ಅಂದ್ರು."

ಕುರಿ ಕಾಯುವ ಮನೆತನಕ್ಕೆ ಸೊಸೆಯಾಗಿ ಬಂದು, ಕುರಿ ಕೂಡುವ ರೊಪ್ಪದಲ್ಲಿ ಮರಿಗಳ ಕಿವಿಗೆ ಗುರುತು ಹಾಕುವುದನ್ನು ಎಷ್ಟು ಸಲ ಕಣ್ಣಾರೆ ನೋಡಿದ್ದೆ. ಒಂದು ಸಲವೂ ಆ ಕಿವಿ ಹಾಳಾಯಿತು ಎಂದು ನನಗೆ ಅನಿಸಿರಲಿಲ್ಲ. ನನ್ನ ನಾಣ್ಯದ ವಿಷಯಕ್ಕೆ ಮಾತ್ರ ಅದು ಹೊಳೆಯಲೇ ಇಲ್ಲ. ಆ ಗುರುತು ಅಳಿಸಿಹೋಗಲಿ ಎಂಬಂತೆ ವರ್ಷ ವರ್ಷ ತಿಕ್ಕಿದ್ದೆ. ನದಿಯ ಮೇಲೆ ದೋಣಿಗಳು ಓಡಾಡುತ್ತಿದ್ದವು. ಕಣ್ಣಲ್ಲಿ ನೀರು ಬಂತು. ಖುಷಿಯದ್ದೇ ಅದು, ಸುಳ್ಳು ಹೇಳುವುದಿಲ್ಲ.

ಆದರೆ ಆ ಖುಷಿ ಪೂರ್ತಿ ಒಳಗಿಳಿಯುವ ಮೊದಲೇ ಇನ್ನೊಂದು ಮಾತು ಚುಚ್ಚಿತು.

"ಯಾವಾಗ ಅಂದ್ರು ಇದನ್ನ?"

"ಅವರ ಕೊನೆ ಮಳೆಗಾಲದಾಗೆ. ನಮ್ಮನೇಲಿ ಇದ್ರಲ್ಲ, ಸೊಂಟ ಮುರ್ಕಂಡು. ನಾನು ಹೊಲೀತಾ ಕುಂತಿದ್ರೆ ಪಕ್ಕದಾಗೆ ಮಲಗಿ ಏನೇನೋ ಹೇಳಾರು."

ಅತ್ತೆ ಏನೇನೋ ಹೇಳುತ್ತಿದ್ದರಂತೆ! ನನ್ನ ಜೊತೆ ಆ ಹೆಂಗಸು ಆಡಿದ್ದು ಎರಡೇ ಮಾತು. ಸ್ಕೂಲಿನಿಂದ ಬಂದರೆ "ಬಂದ್ಯಾ?", ತಟ್ಟೆ ತೊಳೆದರೆ "ಉಂಡ್ಯಾ?". ನಾನು ಕುರಿಯ ಮಾತು ಕೇಳಲಿಲ್ಲ, ರೊಪ್ಪದ ಮಾತು ಕೇಳಲಿಲ್ಲ, ಮನೆ ನಿಲ್ಲಿಸುವವಳು ನಾನು ಎನ್ನುವ ಮಾತನ್ನೂ ಅವರ ಬಾಯಿಂದ ಕೇಳಲಿಲ್ಲ. ಅದನ್ನೂ ಇವಳಿಗೇ ಹೇಳಿ ಹೋಗಿದ್ದಾರೆ. ಇನೆಸ್ ಹೊಗಳಿದ ನಾಣ್ಯ ಸೆರಗಿನಲ್ಲಿ ಕಲ್ಲಿನಂತೆ ಭಾರವಾಯಿತು. ಅದನ್ನು ಅಲ್ಲೇ ಬಿಚ್ಚಿಕೊಟ್ಟು, ಆ ಒಂದು ಮಳೆಗಾಲವನ್ನು ಇಸಿದುಕೊಳ್ಳುವಂತಿದ್ದರೆ ಹಿಂದೆಮುಂದೆ ನೋಡುತ್ತಿರಲಿಲ್ಲ.

"ಇನ್ನೇನಂದ್ರು? ನನ್ನ ವಿಷ್ಯ ಇನ್ನೇನಂದ್ರು? ಹೇಳೇ" ಎಂದೆ.

ಪುಷ್ಪಾ ಮೂಗು ಒರೆಸಿಕೊಂಡಳು. ನನ್ನನ್ನೂ, ನನ್ನ ಸೆರಗಿನ ಗಂಟನ್ನೂ ನೋಡಿದಳು.

"ಭಾಳ ಅಂದ್ರಕ್ಕ" ಎಂದಳು. "ಹೇಳಲ್ಲ. ನಾಣ್ಯ ನಿನ್ತಾವ ಐತಲ್ಲ, ಆ ಮಾತು ನನ್ತಾವ ಇರ್ಲಿ."